ಫೋಟೋಗೆ ಹಾಕಿದ ಹಾರ

ಅರವತ್ತೇಳರ ಚುನಾವಣೆಯಲ್ಲಿ ನಾವು ಸೋತೆವು. ನಾವು ಬೀದಿಬೀದಿಯಲ್ಲಿ ಟೀಕಿಸಿದ ಹಾಲಿ ಪಾರ್ಲಿಮೆಂಟ್ ಸದಸ್ಯರೂ ಸೋತರು. ಗೆದ್ದವರು ಮೂರನೆಯವರು. ಆ ವರ್ಷ ಮದರಾಸಿನ ಹೆಂಗಸರಿಗೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ನಿಂತು ಕಾಲು ಬಾತುಕೊಂಡಿತ್ತು. ಅಕ್ಕಿಯ ಮುಂದೆ ಯುದ್ಧದ ಮಾತು ಯಾರಿಗೆ ಬೇಕಿತ್ತು? ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರು ಗೆದ್ದರು ಎಂಬ ಕುತೂಹಲ ಮಾತ್ರ ಇರುವವರು ಇಲ್ಲಿಗೇ ನಿಲ್ಲಿಸಬಹುದು.

ನಾನಾಗ ಹೈಕೋರ್ಟಿನ ಹಿಂದಿನ ಬೀದಿಯಲ್ಲಿದ್ದ ಒಬ್ಬ ವಕೀಲರ ಕಚೇರಿಯಲ್ಲಿ ಸ್ಟೆನೋ ಆಗಿದ್ದೆ. ವಕೀಲರು ನಮ್ಮ ಹಾಗೆಯೇ ತಲೆಮಾರುಗಳಿಂದ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ಮಾಧ್ವರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಚೇರಿಯಲ್ಲಿ ಇಂಗ್ಲಿಷ್ ಎಂದು ಬೆಳೆದವಳು ನಾನು. ಮೂರು ಭಾಷೆಯಲ್ಲೂ ಜಗಳ ಆಡಬಲ್ಲೆ ಎಂದು ನನ್ನ ಗಂಡ ಹಾಸ್ಯ ಮಾಡುತ್ತಿದ್ದರು. ರಾಯರು ಪಾರ್ಲಿಮೆಂಟಿಗೆ ಪಕ್ಷೇತರರಾಗಿ ನಿಲ್ಲುತ್ತೇನೆಂದು ಹೊರಟಾಗ ಭಾಷಣ ಬರೆಯುವ ಕೆಲಸ ನನಗೆ ಬಿತ್ತು. ಕೋರ್ಟಿನಲ್ಲಿ ಅವರ ವಾದಕ್ಕೆ ಎದುರಿಲ್ಲ, ನಿಜ. ಆದರೆ ಬೀದಿ ಮೂಲೆಯ ಸಭೆಯಲ್ಲೂ ಅವರು "ಮಾನ್ಯ ನ್ಯಾಯಾಲಯದ ಗಮನಕ್ಕೆ" ಎಂಬ ಧಾಟಿಯಲ್ಲೇ ಶುರು ಮಾಡಿದರೆ ಕಡಲೆಕಾಯಿ ಮಾರುವವನೂ ನಿಲ್ಲುತ್ತಿರಲಿಲ್ಲ. ಸರ್ಕಾರಿ ನೌಕರಿಯಲ್ಲಿದ್ದ ನನ್ನ ಗಂಡ ಒಂದೇ ಷರತ್ತು ಹಾಕಿದರು: ತಮ್ಮ ಹೆಸರು ಎಲ್ಲೂ ಬರಬಾರದು. ಈಗಲೂ ಬರೆಯುತ್ತಿಲ್ಲ.

ಯುದ್ಧದ ವಿಷಯವನ್ನು ಎತ್ತಿದ್ದು ನಾವಲ್ಲ. ಹಾಲಿ ಸದಸ್ಯರು ಅರವತ್ತೆರಡರಲ್ಲಿ ಆರಿಸಿ ಬಂದ ಕೆಲವೇ ತಿಂಗಳಲ್ಲಿ ಚೀನಾದ ಗಡಿಯಲ್ಲಿ ಯುದ್ಧ ನಡೆದು, ನಮಗೆ ಹೀನಾಯ ಸೋಲಾಗಿತ್ತು. ಐದು ವರ್ಷದ ನಂತರ ಅವರ ಪೋಸ್ಟರುಗಳಲ್ಲಿ ಅವರು ತೆರೆದ ಜೀಪಿನಲ್ಲಿ ನಿಂತು ಯುದ್ಧನಿಧಿಗೆ ಚಿನ್ನದ ಬಳೆ ಸಂಗ್ರಹಿಸುತ್ತಿದ್ದ ಹಳೆಯ ಚಿತ್ರ ಬಂತು. ಕೆಳಗೆ, ಕಷ್ಟಕಾಲದಲ್ಲಿ ಜವಾನರ ಬೆನ್ನಿಗೆ ನಿಂತವರು ಎಂಬ ಬರಹ. ರಾಯರು ಆ ಪೋಸ್ಟರನ್ನು ಮೇಜಿನ ಮೇಲೆ ಹರಡಿ, ಇವರೇ ಸಾಕ್ಷಿ ಕಟಕಟೆಗೆ ಹತ್ತಿದ್ದಾರೆ, ಇನ್ನು ಪಾಟೀಸವಾಲು ಮಾಡದಿದ್ದರೆ ನಾನೆಂಥ ವಕೀಲ ಎಂದರು.

ಆದರೆ ಯುದ್ಧದ ಬಗ್ಗೆ ಟೀಕೆ ಮಾಡುವುದು ಹಾವಿನ ಹುತ್ತಕ್ಕೆ ಕೈ ಹಾಕಿದಂತೆ. ಆಗಿನ್ನೂ ಭಾರತ ರಕ್ಷಣಾ ನಿಯಮಗಳು ಜಾರಿಯಲ್ಲಿದ್ದವು. ಸೈನ್ಯದ ಧೈರ್ಯ ಕುಗ್ಗಿಸುವ ಮಾತು ಎಂದು ಯಾವುದನ್ನು ಬೇಕಾದರೂ ಹಿಡಿಯಬಹುದಿತ್ತು. ನಮ್ಮ ಸಭೆಗಳಲ್ಲಿ ವೇದಿಕೆಯ ಕೆಳಗೆ, ಮೈಕಿಗೆ ಹತ್ತಿರವಾಗಿ, ಪೊಲೀಸ್ ಇಲಾಖೆಯ ಶೀಘ್ರಲಿಪಿಕಾರರೊಬ್ಬರು ಸ್ಟೂಲಿನ ಮೇಲೆ ಕೂತು ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದರು. ರಾಯರು ನನಗೆ ಮೊದಲ ದಿನವೇ ಹೇಳಿದರು:

"ನೋಡಮ್ಮಾ, ಸಾಕ್ಷಿ ಇಲ್ದೆ ಒಂದು ಮಾತೂ ಬೇಡ. ಸೈನಿಕರನ್ನ ಬಯ್ಯೋ ಹಾಗಿಲ್ಲ, ದೇಶ ಸೋತಿದ್ದಕ್ಕೆ ಖುಷಿ ಪಟ್ಟ ಹಾಗೂ ಕಾಣಕೂಡದು. ಈ ಮನುಷ್ಯ ತಾನೇ ಏನು ಮಾಡಿದ, ಏನು ಮಾಡಲಿಲ್ಲ, ಅಷ್ಟೇ ನಮಗೆ ಬೇಕಾದ್ದು. ನಾನಿದ್ದಿದ್ರೆ ಗೆದ್ದುಬಿಡ್ತಿದ್ದೆ ಅನ್ನೋ ಪೊಗರು ಮಾತ್ರ ಬೇಡ."

ಹೀಗೆ ನನ್ನ ಕೆಲಸ ಶುರುವಾಯಿತು. ಬೆಳಿಗ್ಗೆ ಕಚೇರಿಗೆ ಮುಂಚೆ ಗ್ರಂಥಾಲಯಕ್ಕೆ ಹೋಗಿ ಅರವತ್ತೆರಡರ ಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದೆ. ಹಾಳೆಯನ್ನು ಮೂರು ಪಾಲು ಮಾಡಿ ಒಂದರಲ್ಲಿ ಸದಸ್ಯರು ಹೇಳಿದ್ದು, ಎರಡನೆಯದರಲ್ಲಿ ಮಾಡಿದ್ದು, ಮೂರನೆಯದರಲ್ಲಿ ಕೇಳುವ ಜನಕ್ಕೆ ತಾವೇ ಕಣ್ಣಾರೆ ಕಂಡು ಗೊತ್ತಿರುವುದು ಎಂದು ಬರೆದುಕೊಳ್ಳುತ್ತಿದ್ದೆ. ಮೂರನೆಯ ಪಾಲು ಖಾಲಿ ಉಳಿದರೆ ಆ ಅಂಶವನ್ನು ಬಿಟ್ಟುಬಿಡುತ್ತಿದ್ದೆ. ದಿಲ್ಲಿಯ ಸಂಪುಟದ ಒಳಜಗಳ, ಸೇನಾಧಿಕಾರಿಗಳ ನೇಮಕ ಎಲ್ಲ ಹಾಗೇ ಉದುರಿಹೋದವು. ಕೊನೆಗೆ ಕೈಯಲ್ಲಿ ಉಳಿದದ್ದು ಸ್ವೆಟರು.

ಆಗ ಮದರಾಸಿನಲ್ಲಿದ್ದವರಿಗೆ ಅದು ನೆನಪಿರಬಹುದು. ಹಿಮದಲ್ಲಿರುವ ಜವಾನರಿಗೆಂದು ಊರಿನ ಹೆಂಗಸರೆಲ್ಲ ಉಣ್ಣೆ ಹಿಡಿದು ಕೂತಿದ್ದರು. ನಮಗೆ ಚಳಿ ಎಂದರೆ ಮಾರ್ಗಶಿರದ ಬೆಳಗಿನಲ್ಲಿ ಸೆರಗು ಹೊದೆಯುವುದು. ಹೆಣೆಯುವಾಗಲೇ ಬೆವರಿನಿಂದ ಉಣ್ಣೆ ಕೈಗೆ ಅಂಟುತ್ತಿತ್ತು. ಇಂಥ ಊರಿನ ಹೆಂಗಸರು ಪಾಪ, ಹುಡುಗರಿಗೆ ಸೆಕೆಯಾಗದಿರಲಿ ಎಂದು ಅರ್ಧ ತೋಳಿನ ಸ್ವೆಟರು ಹೆಣೆದರು, ಕತ್ತನ್ನು ಅಗಲ ಬಿಟ್ಟರು. ನನ್ನ ಅತ್ತೆಯೂ ಹೆಣೆದಿದ್ದರು. ಹಾಲಿ ಸದಸ್ಯರು ಒಂದು ಸಭೆಯಲ್ಲಿ ನಮ್ಮ ಸೈನ್ಯಕ್ಕೆ ಯಾವ ಕೊರತೆಯೂ ಇಲ್ಲ ಎಂದು ಹೇಳಿದ ವಾರದಲ್ಲೇ ಇನ್ನೊಂದು ಕಡೆ ಹೆಣಿಗೆ ಕೇಂದ್ರ ಉದ್ಘಾಟಿಸಿದ್ದರು. ಕೊರತೆಯೇ ಇಲ್ಲದಿದ್ದರೆ ಸ್ವೆಟರು ಯಾಕೆ? ಮೂರು ಪಾಲೂ ತುಂಬಿದ ಅಂಶ ಇದೊಂದೇ. ನನಗೆ ಬಹಳ ಹೆಮ್ಮೆಯಾಯಿತು.

ಮೈಲಾಪುರದ ಕೊಳದ ಹತ್ತಿರದ ಸಭೆಯಲ್ಲಿ ರಾಯರು ಇದನ್ನು ಹೇಳಿದರು. ಹೇಳುವಾಗ ಅರ್ಧ ತೋಳಿನ ವಿಷಯಕ್ಕೆ ಒಂದಿಷ್ಟು ಅಭಿನಯವನ್ನೂ ಸೇರಿಸಿದರು. ಗಂಡಸರು ಗೊಳ್ಳೆಂದು ನಕ್ಕರು. ಹೆಂಗಸರ ಕಡೆ ಒಬ್ಬೊಬ್ಬರೇ ಸೆರಗು ಸರಿಮಾಡಿಕೊಂಡು ಎದ್ದು ಹೊರಟರು. ಮನೆಗೆ ಬಂದರೆ ನನ್ನ ಅತ್ತೆ ಆಗಲೇ ಎಲೆ ಹಾಕಿ ಕಾಯುತ್ತಿದ್ದರು. ಸುದ್ದಿ ನನಗಿಂತ ಮುಂಚೆ ಬಂದಿತ್ತು. ಬಡಿಸುತ್ತ, ನಾವೇನು ಹಿಮ ನೋಡಿದ್ದೆವಾ, ಹೇಳಿಕೊಡಬೇಕಾದವರು ಹೇಳಿಕೊಡಲಿಲ್ಲ, ಅದಕ್ಕೆ ನಗೋದಾ ಎಂದು ಕೇಳಿದರು. ಬಾಣ ಬಿಟ್ಟದ್ದು ಸದಸ್ಯರಿಗೆ, ತಾಗಿದ್ದು ಹೆಣೆದ ಕೈಗಳಿಗೆ. ಮಾರನೆಯ ದಿನ ಸ್ವೆಟರನ್ನು ಭಾಷಣದಿಂದ ತೆಗೆದುಹಾಕಿದೆ.

ನಮ್ಮ ಚುನಾವಣಾ ಏಜೆಂಟರಿಗೆ ಇದರಿಂದ ಸಂತೋಷವೇ ಆಯಿತು. ಅವರು ತಮಿಳರು, ಮೈಕ್ ಸೆಟ್ಟಿನಿಂದ ಸೋಡಾವರೆಗೆ ಸಭೆಯ ಸಕಲವನ್ನೂ ಬಲ್ಲವರು. ಕಾಗದದ ವಾದದಿಂದ ವೋಟು ಬೀಳುವುದಿಲ್ಲ, ಜನಕ್ಕೆ ಒಂದು ಮುಖ ಬೇಕು ಎಂಬುದು ಅವರ ಸಿದ್ಧಾಂತ. ಆ ಮುಖವನ್ನು ಅವರೇ ಹುಡುಕಿ ತಂದರು.

ವಡಪಳನಿಯಲ್ಲಿ, ಸಿನಿಮಾ ಸ್ಟುಡಿಯೋಗಳಿಗೆ ಹೋಗುವ ದಾರಿಯಲ್ಲಿ, ಉಡುಪಿಯವರ ಒಂದು ಹೋಟೆಲಿತ್ತು. ಅದರ ಅಡುಗೆಮನೆಯ ಯಜಮಾನಿಕೆ ಭಟ್ಟರದು. ಹೋಟೆಲಿನ ಹಿಂದೆಯೇ ಮನೆ. ಅವರ ಒಬ್ಬನೇ ಮಗ ಒಲೆಯ ಹೊಗೆ ಬೇಡವೆಂದು ಓದಿ, ಸೈನ್ಯಕ್ಕೆ ಸೇರಿ, ವಯರ್‌ಲೆಸ್ ಕೆಲಸ ಕಲಿತಿದ್ದ. ಮದುವೆಯಾದ ವರ್ಷವೇ ಯುದ್ಧ. ಹಿಮ್ಮೆಟ್ಟುವ ಗದ್ದಲದಲ್ಲಿ ಅವನು ಕಾಣೆಯಾದನೆಂದು ತಂತಿ ಬಂತು. ಮುಂದಿನ ವರ್ಷ ಚೀನಾದಿಂದ ಸೆರೆಯಾಳುಗಳು ಮರಳಿದಾಗ ಭಟ್ಟರು ದಿನವೂ ಹೋಟೆಲಿನ ರೇಡಿಯೋದ ಪಕ್ಕ ಕೂತರು. ಅವನು ಬರಲಿಲ್ಲ, ಸತ್ತನೆಂಬ ಸುದ್ದಿಯೂ ಬರಲಿಲ್ಲ. ನಮ್ಮವರಲ್ಲಿ ಹೀಗೆ ಕಾಣದೆ ಹೋದವನಿಗೆ ಹನ್ನೆರಡು ವರ್ಷ ಕಾಯುತ್ತಾರೆ. ಅಷ್ಟರೊಳಗೆ ಬರದಿದ್ದರೆ ದರ್ಭೆಯಲ್ಲಿ ಮನುಷ್ಯಾಕೃತಿ ಕಟ್ಟಿ ದಹನ ಮಾಡುತ್ತಾರೆ. ಅಲ್ಲಿಯವರೆಗೆ ಅವನು ಬದುಕಿರುವವನೇ, ಅವನ ಹೆಂಡತಿ ಮುತ್ತೈದೆಯೇ. ಭಟ್ಟರ ಸೊಸೆ ನಾಲ್ಕು ವರ್ಷದಿಂದ ಆ ಲೆಕ್ಕದಲ್ಲಿ ಕುಂಕುಮ ಇಟ್ಟು, ಹೂ ಮುಡಿದು ಕಾಯುತ್ತಿದ್ದಳು.

ಏಜೆಂಟರು ಭಟ್ಟರ ಹತ್ತಿರ ಮಗನ ಫೋಟೋ ಕೇಳಿ ಪಡೆದರು. ನಾನು ಭಾಷಣದಲ್ಲಿ ಬರೆದದ್ದು ಇಷ್ಟೇ: ಈ ಬೀದಿಯ ಒಬ್ಬ ಮಗ ಯುದ್ಧಕ್ಕೆ ಹೋಗಿ ಕಾಣೆಯಾಗಿದ್ದಾನೆ, ಅವನ ಮನೆಗೆ ಈ ಸದಸ್ಯರು ಒಂದು ದಿನವಾದರೂ ಹೋದರೇ? ರಾಯರು ಓದಿ ಒಪ್ಪಿದರು.

ವಡಪಳನಿಯ ಸಭೆಗೆ ಜನ ಚೆನ್ನಾಗಿ ಸೇರಿದ್ದರು. ಸ್ಟುಡಿಯೋ ಕೆಲಸ ಮುಗಿಸಿ ಬಂದ ಬಡಗಿಗಳು, ಲೈಟಿನವರು, ಕೋವಿಲಿಗೆ ದೇವರ ದರ್ಶನಕ್ಕೆ ಬಂದವರು. ಭಟ್ಟರ ಸೊಸೆ ಅತ್ತೆಯ ಜೊತೆ ಹೆಂಗಸರ ಕಡೆ ಮುಂದಿನ ಸಾಲಿನಲ್ಲಿದ್ದಳು. ನಾನು ವೇದಿಕೆಯ ಪಕ್ಕ, ಪೊಲೀಸ್ ಶೀಘ್ರಲಿಪಿಕಾರರ ಹಿಂದೆ. ಅವರ ಪೆನ್ಸಿಲನ್ನು ನೋಡುವುದು ನನಗೆ ಅಭ್ಯಾಸವಾಗಿತ್ತು. ಬರೀ ಆವೇಶದ ಮಾತು ಬಂದಾಗ ಅದು ಸುಮ್ಮನಾಗುತ್ತಿತ್ತು, ಹುರುಳಿರುವ ಮಾತು ಬಂದಾಗ ಓಡುತ್ತಿತ್ತು. ನನ್ನ ಭಾಷಣದ ಗುಣವನ್ನು ಅಷ್ಟು ನಿಷ್ಠೆಯಿಂದ ಬೇರೆ ಯಾರೂ ಅಳೆಯಲಿಲ್ಲ.

ಮದರಾಸಿನ ಸಭೆಗಳಲ್ಲಿ ಹಾರಕ್ಕೆ ಬರವಿಲ್ಲ. ಅಭ್ಯರ್ಥಿಗೆ ಹಾರ, ಅಧ್ಯಕ್ಷರಿಗೆ ಹಾರ, ಮೈಕಿನವನಿಗೂ ಹಾರ. ಅಂದು ಬುಟ್ಟಿಯಲ್ಲಿ ಒಂದು ಉಳಿದಿತ್ತೆಂದು ಕಾಣುತ್ತದೆ. ಕಾರ್ಯಕರ್ತನೊಬ್ಬ ಅದನ್ನು ತಂದು ಕುರ್ಚಿಯ ಮೇಲೆ ಇಟ್ಟಿದ್ದ ಫೋಟೋಗೆ ಹಾಕಿಬಿಟ್ಟ. ಮಾತಿನ ನಡುವೆ ಫೋಟೋದ ಕಡೆ ತಿರುಗಿದ ರಾಯರ ಕಣ್ಣಿಗೆ ಹಾರ ಬಿತ್ತು, ನಾಲಿಗೆ ಅದರ ಹಿಂದೆಯೇ ಹೋಯಿತು. ಕಾಣೆಯಾದವನು ಹೋಗಿ ಪ್ರಾಣತೆತ್ತವನು ಬಂದ, ವೀರಪುತ್ರ ಬಂದ, ಈ ಮನೆಯ ದೀಪ ನಂದಿಸಿದವರು ಯಾರು ಎಂಬ ಪ್ರಶ್ನೆ ಬಂತು. ಜನ ಕಣ್ಣೊರೆಸಿಕೊಂಡರು.

ನಾನು ಹೆಂಗಸರ ಕಡೆ ನೋಡಿದೆ. ಆ ಹುಡುಗಿ ಅಳುತ್ತಿರಲಿಲ್ಲ. ಕತ್ತಿನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಫೋಟೋವನ್ನೇ ನೋಡುತ್ತಿದ್ದಳು. ಅವಳ ಆಚೀಚೆ ಕೂತವರು ಆಗಲೇ ಒಂದೊಂದು ಗೇಣು ಸರಿದಿದ್ದರು. ಸೀರೆ ಎತ್ತಿ ಸಿಕ್ಕಿಸಿ ಮೆಟ್ಟಿಲು ಹತ್ತಿ ಫೋಟೋದ ಹಾರ ತೆಗೆದೆ. ತೆಗೆದ ಹಾರವನ್ನು ಎಲ್ಲಿ ಇಡುವುದೆಂದು ತಿಳಿಯದೆ ರಾಯರ ಕೊರಳಿಗೆ ಹಾಕಿದೆ. ಸಭೆ ಚಪ್ಪಾಳೆ ತಟ್ಟಿತು. ಪೊಲೀಸಿನವರ ಪೆನ್ಸಿಲು ಎಷ್ಟೋ ಹೊತ್ತಿನಿಂದ ಸುಮ್ಮನಿತ್ತು.

ಸಭೆ ಮುಗಿದ ಮೇಲೆ ಏಜೆಂಟರನ್ನು ತರಾಟೆಗೆ ತೆಗೆದುಕೊಂಡೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಮರಿಯಾದೈಕ್ಕುದಾನೇಮ್ಮಾ ಪೋಟ್ಟಾಂಗ," ಎಂದರು. ಮರ್ಯಾದೆಗೆಂದೇ ಹಾಕಿದ್ದಂತೆ. ಬದುಕಿರುವವನ ಕೊರಳಿಗೆ ಹಾಕಿದರೆ ಮರ್ಯಾದೆ, ಅವನ ಫೋಟೋಗೆ ಹಾಕಿದರೆ ತಿಥಿ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವರ ಮನಸ್ಸಿನಲ್ಲಿ ಆ ಹುಡುಗ ಸತ್ತು ನಾಲ್ಕು ವರ್ಷವಾಗಿತ್ತು, ಅಷ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶುಕ್ರವಾರ ಕುಂಕುಮಕ್ಕೆ ಕರೆಯುತ್ತಿದ್ದ ನೆರೆಯವರು ಭಟ್ಟರ ಮನೆಯ ಬಾಗಿಲು ದಾಟಿ ಮುಂದೆ ಹೋದರು. ದಿನವೂ ಮೊಳ ಮಲ್ಲಿಗೆ ಕೊಡುತ್ತಿದ್ದ ಹೂವಿನವಳು ಬೇಕೇ ಎಂದು ಕೇಳಿದಳಂತೆ. ಅದುವರೆಗೆ ಅವಳು ಕೇಳಿದ್ದೇ ಇಲ್ಲ. ಮಾರನೆಯ ವಾರ ಭಟ್ಟರು ಅಡುಗೆಮನೆಯ ಪಂಚೆಯಲ್ಲೇ ಬಸ್ಸು ಹಿಡಿದು ನಮ್ಮ ಕಚೇರಿಗೆ ಬಂದರು. ಕುರ್ಚಿ ತೋರಿಸಿದರೆ ಕೂರಲಿಲ್ಲ.

"ರಾಯರೇ, ನಾನು ಫೋಟೋ ಕೊಟ್ಟದ್ದು ಅವ ಎಲ್ಲಿದ್ದಾನೆ ಅಂತ ಕೇಳ್ಲಿಕ್ಕೆ. ಅವನನ್ನು ಕಳಿಸಿಕೊಡ್ಲಿಕ್ಕೆ ಅಲ್ಲ," ಎಂದರು. ಆಮೇಲೆ, "ಅದೇ ಮೈಕಿನಲ್ಲಿ ಅವ ಬದುಕಿದ್ದಾನೆ ಅಂತ ಹೇಳಿ. ಮತ್ತೆ ಎಂತದೂ ಬೇಡ ನಮಗೆ," ಎಂದರು.

ರಾಯರು ತಲೆ ತಗ್ಗಿಸಿ ಕ್ಷಮೆ ಕೇಳಿದರು. ಆದರೆ ಬದುಕಿದ್ದಾನೆ ಎಂದು ಹೇಗೆ ಹೇಳುವುದು? ಅದಕ್ಕೂ ಸಾಕ್ಷಿಯಿಲ್ಲ. ಏಜೆಂಟರ ಅಭಿಪ್ರಾಯದಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಜಾಣತನ. ಆ ಭಾಷಣ ಕ್ಷೇತ್ರವಿಡೀ ಹಬ್ಬಿತ್ತು, ನಮ್ಮ ಸಭೆಗಳಿಗೆ ಜನ ಹೆಚ್ಚಾಗಿದ್ದರು. ಈಗ ಹಿಂತೆಗೆದುಕೊಂಡರೆ ಯುದ್ಧದ ಬಗ್ಗೆ ನಾವಾಡಿದ ಮಾತೆಲ್ಲ ಸುಳ್ಳೆನಿಸುತ್ತದೆ, ಎದುರಾಳಿ ಅದನ್ನೇ ಹಿಡಿದು ಜಾಡಿಸುತ್ತಾನೆ ಎಂದರು. ಗಾಳಿ ಬಂದಾಗ ತೂರಿಕೊಳ್ಳಬೇಕಾದ ವೃತ್ತಿ ಅವರದು, ಅವರನ್ನು ದೂರಿ ಫಲವಿಲ್ಲ. ರಾಯರು ಮಾತ್ರ ಎರಡು ದಿನ ಯಾವ ಸಭೆಗೂ ಹೋಗಲಿಲ್ಲ.

ನಾನು ವಡಪಳನಿಗೆ ಹೋದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಹೋಟೆಲು ತಣ್ಣಗಾಗಿತ್ತು. ಸೊಸೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಸಾಂಬಾರಿಗೆ ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಪಕ್ಕದಲ್ಲಿ ಕೂತೆ. ಆಮೇಲೆ ಅವಳೇ ಮಾತು ತೆಗೆದಳು.

"ಅಕ್ಕ, ಹನ್ನೆರಡು ವರ್ಷ ಕಾಯ್ಬೇಕು ಅಂತ ಮಾವ ಹೇಳ್ತಾರೆ. ಸತ್ತಿದ್ದಾರೆ ಅಂತ ನಿಮ್ಮ ಮೈಕು ಹೇಳ್ತದೆ. ನಿಂಗೆ ಎಂತ ಬೇಕು ಅಂತ ನನ್ನ ಹತ್ರ ಯಾರೂ ಕೇಳಲಿಲ್ಲ."

"ಏನು ಬೇಕಮ್ಮಾ ನಿನಗೆ?"

"ಗೊತ್ತಾಗ್ಬೇಕು," ಎಂದಳು. "ಬೆಳಿಗ್ಗೆ ಕುಂಕುಮ ಇಡುವಾಗ ಒಂದು ಸಲ ಹೌದು ಅನ್ನಿಸ್ತದೆ, ಒಂದು ಸಲ ಸುಳ್ಳು ಅನ್ನಿಸ್ತದೆ. ಎಂತ ಆದ್ರೂ ಸರಿ, ಗೊತ್ತಾಗ್ಬೇಕು. ನಿಮ್ಮ ರಾಯರು ಅಷ್ಟು ಗಟ್ಟಿಯಾಗಿ ಮಾತಾಡ್ತಾರಲ್ಲ, ಅಷ್ಟೇ ಗಟ್ಟಿಯಾಗಿ ಕೇಳ್ಲಿ."

ಬಸ್ಸಿನಲ್ಲಿ ಮರಳುವಾಗ ನನಗೆ ಹೊಳೆಯಿತು. ನಾವು ಇಷ್ಟು ದಿನ ಉತ್ತರ ಹೇಳುತ್ತಿದ್ದೆವು. ಸೋಲು ಯಾಕೆ ಬಂತು, ಯಾರು ಸತ್ತರು, ಯಾರ ತಪ್ಪು, ಎಲ್ಲಕ್ಕೂ ನಮ್ಮಲ್ಲೇ ಉತ್ತರ. ಹಿಮಾಲಯದಲ್ಲಿ ನಡೆದದ್ದಕ್ಕೆ ಮದರಾಸಿನ ಒಬ್ಬ ಸದಸ್ಯರನ್ನು ಹೊಣೆ ಮಾಡಲು ಹೊರಟಿದ್ದೆವು. ಅವರ ಕೈಯಲ್ಲಿ ನಿಜವಾಗಿ ಇದ್ದದ್ದು ಒಂದೇ: ದಿಲ್ಲಿಯಲ್ಲಿ ಎದ್ದು ನಿಂತು ಕೇಳುವ ಹಕ್ಕು. ಅದನ್ನು ಉಪಯೋಗಿಸಿದರೇ ಎಂದು ನಾನು ಮತ್ತೆ ಗ್ರಂಥಾಲಯಕ್ಕೆ ಹೋಗಿ ಲೋಕಸಭೆಯ ನಡಾವಳಿಗಳನ್ನು ತಿರುವಿದೆ. ಸಕ್ಕರೆಯ ಬಗ್ಗೆ ಕೇಳಿದ್ದರು, ರೈಲಿನ ಬಗ್ಗೆ ಕೇಳಿದ್ದರು. ಕಾಣೆಯಾದವರ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ.

ರಾಯರು ಹೊಸ ಬರಹವನ್ನು ಎರಡು ಸಲ ಓದಿ, ಒಂದು ಮಾತನ್ನೂ ತಿದ್ದದೆ ಜೇಬಿಗೆ ಹಾಕಿಕೊಂಡರು. ಸಭೆ ಅದೇ ಜಾಗದಲ್ಲೇ ಆಗಬೇಕೆಂದು ಹಟ ಹಿಡಿದರು. ವೇದಿಕೆಯ ಮೇಲೆ ಯಾರಿಗೂ ಹಾರ ಬೇಡವೆಂದು ಕಟ್ಟಪ್ಪಣೆ ಮಾಡಿದರು. ಏಜೆಂಟರು ಮುಖ ಊದಿಸಿಕೊಂಡು ಮೈಕ್ ಸೆಟ್ಟಿನ ಪಕ್ಕ ನಿಂತರು. ರಾಯರು ಅಂದು ತಮಿಳಿನಲ್ಲಿ ಆಡಿದ್ದು, ನನ್ನ ಕನ್ನಡದಲ್ಲಿ ಇಷ್ಟು:

"ಹೋದ ಸಲ ಇಲ್ಲಿ ಒಬ್ಬರ ಫೋಟೋಗೆ ಹಾರ ಬಿತ್ತು. ಅದು ತಪ್ಪು, ನಾನು ಆಡಿದ್ದೂ ತಪ್ಪು. ಅವರು ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಸದಸ್ಯರಿಗೂ ಗೊತ್ತಿಲ್ಲ. ಆದರೆ ಅವರಿಗೆ ದಿಲ್ಲಿಯಲ್ಲಿ ಒಂದು ಕುರ್ಚಿ ಇತ್ತು. ಎದ್ದು ನಿಂತು ಒಂದು ಸಲ ಕೇಳಬಹುದಾಗಿತ್ತು. ಕೇಳಲಿಲ್ಲ. ಯುದ್ಧದ ಬಗ್ಗೆ ಅವರ ಮೇಲೆ ನನ್ನ ದೂರು ಇದೊಂದೇ."

ಚಪ್ಪಾಳೆ ಬೀಳಲಿಲ್ಲ. ಪೊಲೀಸಿನವರ ಪೆನ್ಸಿಲು ಕೊನೆಯ ಮಾತಿನವರೆಗೂ ಓಡಿತು. ಆಮೇಲೆ ಅವರು ತಲೆಯೆತ್ತಿ ಮೊದಲ ಬಾರಿಗೆ ರಾಯರ ಮುಖ ನೋಡಿದರು. ಜನ ಒಬ್ಬರಿಗೊಬ್ಬರು ಮೆಲ್ಲಗೆ ಮಾತಾಡಿಕೊಳ್ಳುತ್ತ ಚದುರಿದರು. ಹೆಂಗಸರ ಕಡೆಯಿಂದ ಯಾರೂ ನಡುವೆ ಎದ್ದು ಹೋಗಲಿಲ್ಲ. ಆ ಪ್ರಶ್ನೆಯನ್ನೇ ನಾವು ಊರೂರು ಒಯ್ದೆವು, ತಾಂಬರಂ ರೈಲಿನಲ್ಲಿ ಜನ ಅದನ್ನೇ ಮಾತಾಡಿಕೊಳ್ಳುತ್ತಿದ್ದಾರೆಂದು ನನ್ನ ಗಂಡ ಬಂದು ಹೇಳಿದರು. ಹೇಳುವಾಗ ಅವರಿಗೂ ಸ್ವಲ್ಪ ಹೆಮ್ಮೆಯಿತ್ತು, ಹೆಸರು ಬೇಡವಾದರೂ.

ಮತದಾನಕ್ಕೆ ಇನ್ನು ಎರಡು ವಾರವಿರುವಾಗ ಹಾಲಿ ಸದಸ್ಯರು ಭಟ್ಟರ ಮನೆಗೆ ಬಂದರು. ಮಧ್ಯಾಹ್ನ ಬಂದರು, ಕಾರನ್ನು ಬೀದಿಯ ಕೊನೆಯಲ್ಲೇ ಬಿಟ್ಟು ಒಬ್ಬರೇ ನಡೆದು ಬಂದರು. ಪತ್ರಿಕೆಯವರಿಲ್ಲ, ಪಕ್ಷದ ಶಾಲಿಲ್ಲ. ಜಗಲಿಯ ಮೇಲೆ ಭಟ್ಟರ ಎದುರು ಕೂತು, ತಾವು ದಿಲ್ಲಿಗೆ ಟ್ರಂಕ್ ಕಾಲ್ ಮಾಡಿ ಸಂಬಂಧಪಟ್ಟ ಅಧಿಕಾರಿಯನ್ನು ಕೇಳಿದ್ದಾಗಿ ಹೇಳಿದರು. ಉತ್ತರ ಬರಲು ಒಂದು ವಾರ ಹಿಡಿಯಿತಂತೆ. ಚೀನಾದ ಸೆರೆಯಿಂದ ಮರಳಿದವರಲ್ಲಿ ಒಬ್ಬ, ಭಟ್ಟರ ಮಗನ ಜೊತೆಗಿದ್ದವನು, ಬಂದ ವರ್ಷವೇ ಎಲ್ಲವನ್ನೂ ಹೇಳಿದ್ದ. ಹಿಂದೆ ಸರಿಯುವಾಗ ದಾರಿ ತಪ್ಪಿ ಇಬ್ಬರೇ ಉಳಿದಿದ್ದರು. ಮಗನ ಪಾದಗಳು ಮರಗಟ್ಟಿ ನಡೆಯಲಾಗಲಿಲ್ಲ. ಒಂದು ತೊರೆಯ ಪಕ್ಕ ಕೂತವನು ಬೆಳಿಗ್ಗೆ ಏಳಲಿಲ್ಲ. ಗುಂಡಿನಿಂದಲ್ಲ, ಚಳಿಯಿಂದ. ಜೊತೆಗಾರ ಅವನನ್ನು ಕಲ್ಲುಗಳಿಂದ ಮುಚ್ಚಿ ಮುಂದೆ ಹೋಗಿ ಸೆರೆ ಸಿಕ್ಕಿದ್ದ. ಅವನ ಹೇಳಿಕೆ ಯಾವುದೋ ಕಚೇರಿಯಲ್ಲಿ ಹಾಗೇ ಬಿದ್ದಿತ್ತು. ಯಾರೂ ಕೇಳಿರಲಿಲ್ಲ, ಯಾರಿಗೂ ತಿಳಿಸಿರಲಿಲ್ಲ. ಇದೆಲ್ಲ ಭಟ್ಟರು ಆಮೇಲೆ ನನಗೆ ಹೇಳಿದ್ದು. ಸೊಸೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

ಸುದ್ದಿ ಕಚೇರಿಗೆ ಬಂದಾಗ ಏಜೆಂಟರು ಎದ್ದೇ ನಿಂತುಬಿಟ್ಟರು. ಅವರನ್ನು ನಾನು ಕ್ರೂರಿ ಎನ್ನಲಾರೆ, ಅವರ ಕಣ್ಣಲ್ಲೂ ನೀರಿತ್ತು. ಆದರೆ ಕೆಲಸ ಕೆಲಸವೇ. ಚಳಿಯಿಂದ ಸತ್ತಿದ್ದಾನೆ! ಕೊರತೆಯೇ ಇಲ್ಲ ಎಂದವರು ಇದಕ್ಕೆ ಏನೆನ್ನುತ್ತಾರೆ? ಇದಕ್ಕಿಂತ ಸಾಕ್ಷಿ ಬೇಕೇ ಎಂದು ರಾಯರನ್ನು ಕೇಳಿದರು. ನಿಜ ಹೇಳಬೇಕೆಂದರೆ ನನ್ನ ಕೈಯೂ ಪೆನ್ಸಿಲಿಗೆ ಹೋಗಿತ್ತು. ಅಂಥ ಗಟ್ಟಿಯಾದ ಟೀಕೆ ಆ ಚುನಾವಣೆಯಲ್ಲಿ ಇನ್ಯಾರ ಹತ್ತಿರವೂ ಇರಲಿಲ್ಲ. ಮೂರು ಪಾಲೂ ತುಂಬಿ ತುಳುಕುತ್ತಿತ್ತು. ರಾಯರು ಮಾತ್ರ, ಮೊದಲು ಆ ಮನೆಯವರನ್ನು ಕೇಳಿಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ಮನೆಯಲ್ಲಿ ಸೂತಕ. ಭಟ್ಟರು ದರ್ಭೆಯ ಆಕೃತಿ ಕಟ್ಟಿ ದಹನ ಮುಗಿಸಿದ್ದರು. ಇನ್ನೂ ಎಂಟು ವರ್ಷ ಇದೆ ಎಂದುಕೊಂಡಿದ್ದ ಕೆಲಸ. ಅವಳು ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಬೋಳು ಹಣೆ ನೋಡಿ ನನಗೆ ದುಃಖ ತಡೆಯಲಾಗಲಿಲ್ಲ. ಸಮಾಧಾನ ಹೇಳಲು ಹೋದವಳು ನಾನು, ಅತ್ತವಳೂ ನಾನೇ. ಅವಳು ಸುಮ್ಮನೆ ನನ್ನ ಕೈ ಹಿಡಿದುಕೊಂಡಳು. ಬಂದ ಕಾರಣ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ.

ಅವಳು ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಅವರು ಬಂದು ಹೇಳಿದ್ರು ಅಂತ ಹೇಳಿ, ಅಕ್ಕ. ಒಬ್ಬರೇ ಬಂದ್ರು, ಅದು ದೊಡ್ಡದು. ಒಂದು ವಾರದ ಕೆಲಸಕ್ಕೆ ನಾಲ್ಕು ವರ್ಷ ಆಯ್ತು ಅಂತ್ಲೂ ಹೇಳಿ. ಎರಡನ್ನೂ ಹೇಳ್ಬೇಕು, ಒಂದನ್ನೇ ಹೇಳ್ಬಾರ್ದು." ಆಮೇಲೆ ನನ್ನ ಕೈ ಬಿಟ್ಟು, "ಚಳಿಯ ವಿಷಯ ಮೈಕಿನಲ್ಲಿ ಬೇಡ. ಅದು ನಂದು," ಎಂದಳು.

ಈಗ ಇಲ್ಲಿ ಬರೆಯುವ ಮುಂಚೆ ಅವಳನ್ನು ಕೇಳಿದ್ದೇನೆ. ಮೈಕಿನಲ್ಲಿ ಬೇಡ ಅಂದಿದ್ದೆ, ಪುಸ್ತಕದಲ್ಲಿ ಬೇಡ ಅಂದಿರಲಿಲ್ಲವಲ್ಲ ಎಂದು ನಕ್ಕಳು. ಆದರೆ ಆ ದಿನ ಅವಳ ಮಾತನ್ನು ಹೊತ್ತು ಕಚೇರಿಗೆ ಬಂದಾಗ ದೊಡ್ಡ ಜಗಳವೇ ಆಯಿತು. ಏಜೆಂಟರು ಮೇಜು ಕುಟ್ಟಿದರು. ಸತ್ಯವನ್ನೇ ತಾನೆ ಹೇಳುವುದು, ಸತ್ಯ ಒಬ್ಬರ ಮನೆಯ ಸ್ವತ್ತೇ, ನಾಳೆ ಇನ್ನೊಬ್ಬ ಹುಡುಗ ಹಾಗೆ ಸಾಯದಿರಬೇಕಾದರೆ ಜನಕ್ಕೆ ತಿಳಿಯಬೇಡವೇ ಎಂದು ಕೇಳಿದರು. ಅವರ ವಾದದಲ್ಲಿ ತಪ್ಪಿರಲಿಲ್ಲ. ರಾಯರು ಕನ್ನಡಕ ತೆಗೆದು ಒರೆಸಿ, ಒಂದು ಸಲ ಆ ಮನೆಯನ್ನು ಕೇಳದೆ ಮಾತಾಡಿದ್ದೇವೆ, ಎರಡನೆಯ ಸಲ ಆಗದು ಎಂದು ಮುಗಿಸಿದರು.

ಕೊನೆಯ ಸಭೆಯಲ್ಲಿ ರಾಯರು ಎರಡನ್ನೂ ಹೇಳಿದರು. ಎದುರಾಳಿ ಒಳ್ಳೆಯದು ಮಾಡಿದ್ದನ್ನು ಅಭ್ಯರ್ಥಿಯೇ ಹೊಗಳುವುದು ಕೇಳಿ ಜನ ಗಲಿಬಿಲಿಗೊಂಡರು. ಹಿಂದಿನಿಂದ ಯಾರೋ ಅಕ್ಕಿಯ ಬಗ್ಗೆ ಮಾತಾಡಿ ಎಂದು ಕೂಗಿದರು. ಸೋಲು ಅಲ್ಲೇ ಖಚಿತವಾಗಿತ್ತು ಎಂದು ಏಜೆಂಟರು ಬದುಕಿರುವವರೆಗೂ ಹೇಳುತ್ತಿದ್ದರು.

ಮತದಾನದ ದಿನ ನಾನು ವಡಪಳನಿಯ ಶಾಲೆಯೊಂದರಲ್ಲಿ ನಮ್ಮ ಕಡೆಯ ಬೂತ್ ಏಜೆಂಟ್ ಆಗಿ ಕೂತಿದ್ದೆ. ಮತಗಟ್ಟೆಯ ಗುಮಾಸ್ತರು ಪಟ್ಟಿಯಿಂದ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ನಾವು ನಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳಬೇಕು. ಒಂದೇ ಹೆಸರಿನ ಹೆಂಗಸರು ಬಹಳ, ಆದ್ದರಿಂದ ಗಂಡನ ಹೆಸರೂ ಕೇಳುತ್ತಿದ್ದರು. ಅಲ್ಲೇ ತೊಡಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಯಾರಲ್ಲೂ ಇರಲಿಲ್ಲ. ಒಬ್ಬಳು ತಿರುಪತಿಯ ಕಡೆ ಕೈ ಮುಗಿದು ತೋರಿಸಿದಳು, ಒಬ್ಬಳು ಮಗಳಿಂದ ಹೇಳಿಸಿದಳು, ಇನ್ನೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕುಬಿಟ್ಟಳು.

ಬಿಸಿಲು ಏರಿದ ಮೇಲೆ ಭಟ್ಟರು ಬಂದು ಮತ ಹಾಕಿ ಹೊರಗೆ ಬಾಗಿಲ ಹತ್ತಿರ ನಿಂತರು. ಹೆಂಗಸರ ಸಾಲಿನಲ್ಲಿ ಸೊಸೆ ಇದ್ದಳು. ಅಂಥ ಮನೆಯ ಹುಡುಗಿ ಆ ಸ್ಥಿತಿಯಲ್ಲಿ ವರ್ಷ ತುಂಬುವ ಮೊದಲು ಹೊಸಿಲು ದಾಟುವುದಿಲ್ಲ. ಅವಳನ್ನು ಕರೆತಂದವರು ಭಟ್ಟರೇ. ಸಾಲಿನಲ್ಲಿದ್ದವರು ಸ್ವಲ್ಪ ಸರಿದು ಜಾಗ ಬಿಟ್ಟರು. ಅವಳು ಯಾರ ಮುಖವನ್ನೂ ನೋಡದೆ ಮೇಜಿನ ಮುಂದೆ ಬಂದು ನಿಂತಳು.

ಗುಮಾಸ್ತರು ಅವಳ ಹೆಸರು ಓದಿದರು. ಪಟ್ಟಿ ಹಳೆಯದು, ಅದರಲ್ಲಿ ಅವಳು ಇನ್ನೂ ಇಂಥವರ ಹೆಂಡತಿ. ಗುಮಾಸ್ತರು ತಲೆಯೆತ್ತದೆ ಗಂಡನ ಹೆಸರು ಕೇಳಿದರು. ನಾನು ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು.

ಹೊರಗಿನ ಗದ್ದಲದಲ್ಲಿ ಗುಮಾಸ್ತರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಮ್ಮಾ ಎಂದರು. ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು. ಬಾಗಿಲ ಹೊರಗೆ ನಿಂತಿದ್ದ ಭಟ್ಟರು, ಯಾರೋ ಮಗನನ್ನು ಕೂಗಿದರೆಂಬಂತೆ, ತಿರುಗಿ ನೋಡಿದರು.